ಕೂಸು ಕಟ್ಟಿಕೊಂಡು ಪರದೇಶದ ಸೇವೆಗೆ ಹೊರಟವರಿಗೆ

ರಾಯಚೂರಿನ ಮೆಥೊಡಿಸ್ಟ್ ಸಭೆಯಿಂದಾಗಲಿ, ಬಳ್ಳಾರಿಯ ಸಿ.ಎಸ್.ಐ. ಸಭೆಯಿಂದಾಗಲಿ ಕೆನ್ಯಾ, ತಾಂಜಾನಿಯಾ ಕಡೆ ಮಿಷನರಿ ಸೇವೆಗೆ ಹೊರಡುವ ಗಂಡ-ಹೆಂಡತಿಗೆ ಎಲ್ಲರೂ ಹೇಳಿ ಕಳಿಸುವುದು ಸೇವೆಯ ಮಾತು. ಮನೆಯ ಮಾತು ಹೇಳುವವರು ಕಡಿಮೆ. ಒಂದು ವರ್ಷದ್ದು, ಮೂರು ವರ್ಷದ್ದು ಕಂಕುಳಲ್ಲಿಟ್ಟುಕೊಂಡು ಹೋಗುವವರಿಗೆ ಮೊದಲ ಮೂರು ತಿಂಗಳು ಮನೆ ಹೂಡುವುದೇ ಸೇವೆ. ನೀರು, ಸೊಳ್ಳೆ, ಬಟ್ಟೆ, ಊಟ, ನಿದ್ದೆ ಒಂದು ದಾರಿಗೆ ಬರುವ ತನಕ ದೂರದ ಹಳ್ಳಿಯ ಭೇಟಿ, ರಾತ್ರಿಯ ಪ್ರಾರ್ಥನೆ ಕೂಟ ಒಪ್ಪಿಕೊಳ್ಳಬೇಡಿ. ಕೂಸು ಮೇಲಿಂದ ಮೇಲೆ ಜಡ್ಡಿಗೆ ಬಿದ್ದರೆ ತಾಯಿಗೆ ನಿದ್ದೆ ಇಲ್ಲ, ತಂದೆಗೆ ಕೆಲಸದಲ್ಲಿ ಮನಸ್ಸಿಲ್ಲ. ಇದನ್ನು ಕಳಿಸುವ ಸಭೆಯವರಿಗೂ ಮೊದಲೇ ಬಿಡಿಸಿ ಹೇಳಿಬಿಡಿ, ಆಮೇಲೆ ಮುಜುಗರ ಇರುವುದಿಲ್ಲ.

ಕಾಗದಪತ್ರದಿಂದ ಶುರು ಮಾಡೋಣ. ಚಿಕ್ಕ ಮಕ್ಕಳ ಪಾಸ್‌ಪೋರ್ಟ್ 5 ವರ್ಷಕ್ಕಷ್ಟೇ. ನಿಮ್ಮದು 10 ವರ್ಷದ್ದು, ಮಗುವಿನದು ನಡುವೆಯೇ ಮುಗಿಯುತ್ತದೆ. ಅದರ ತಾರೀಖನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲೇ ಬರೆದಿಡಿ. ಹಳದಿ ಜ್ವರದ ಲಸಿಕೆ ತಾಲೂಕು ಆಸ್ಪತ್ರೆಯಲ್ಲಿ ಸಿಗುವುದಲ್ಲ, ಸರ್ಕಾರ ಗೊತ್ತುಮಾಡಿದ ಕೇಂದ್ರಕ್ಕೇ ಹೋಗಬೇಕು. ಹಾಕಿಸಿದ 10 ದಿನದ ಮೇಲೆ ಪ್ರಮಾಣಪತ್ರ ಚಾಲ್ತಿಗೆ ಬರುತ್ತದೆ, ಒಮ್ಮೆ ಹಾಕಿಸಿದರೆ ಜೀವಮಾನಕ್ಕೆ ಸಾಕು. ಮಗುವಿಗೆ 9 ತಿಂಗಳು ತುಂಬಿರಬೇಕು. ತೊಡಕು ಇಲ್ಲೇ ಇದೆ: ದಡಾರ-ರುಬೆಲ್ಲಾ ಲಸಿಕೆಯೂ 9 ತಿಂಗಳಿಗೇ ಬರುತ್ತದೆ. ಇವೆರಡೂ ಜೀವಂತ ಲಸಿಕೆಗಳು. ಹಾಕಿಸಿದರೆ ಒಂದೇ ದಿನ ಹಾಕಿಸಬೇಕು, ಇಲ್ಲವೇ ನಡುವೆ 4 ವಾರ ಬಿಡಬೇಕು. ಆದ್ದರಿಂದ ತಾಯಿ ಕಾರ್ಡ್ ತೋರಿಸಿ ದಿನ ಗೊತ್ತುಮಾಡಿಕೊಂಡ ಮೇಲೆಯೇ ವಿಮಾನದ ಟಿಕೆಟ್ ತೆಗೆಯಿರಿ. 9 ತಿಂಗಳೊಳಗಿನ ಕೂಸಿಗೆ ಎದೆಹಾಲು ಕುಡಿಸುವ ತಾಯಿ ತಾನು ಈ ಲಸಿಕೆ ಹಾಕಿಸಿಕೊಳ್ಳುವ ಮೊದಲು ಅದನ್ನು ವೈದ್ಯರಿಗೆ ಹೇಳಲೇಬೇಕು. ಇನ್ನು, ಅಲ್ಲಿದ್ದಾಗಲೇ ಹೆರಿಗೆಯಾದರೆ ಒಂದು ವರ್ಷದೊಳಗೆ ಅಲ್ಲಿಯ ಭಾರತೀಯ ದೂತಾವಾಸದಲ್ಲಿ ಜನನ ನೋಂದಣಿ ಮಾಡಿಸಿ. ತಡವಾದರೆ ಮಗುವಿನ ಪೌರತ್ವದ ಕೆಲಸ ದೆಹಲಿಯ ತನಕ ಎಳೆಯುತ್ತದೆ.

ಗಂಟು ಕಟ್ಟುವಾಗ ತೊಗರಿಬೇಳೆ, ಅರಿಶಿನ, ಜೀರಿಗೆ ತುಂಬಬೇಡಿ. ನೈರೋಬಿ, ಮೊಂಬಾಸಾ, ದಾರ್ ಎಸ್ ಸಲಾಮ್‌ಗಳಲ್ಲಿ ಗುಜರಾತಿಗಳು ತಲೆಮಾರುಗಳಿಂದ ನೆಲೆಸಿದ್ದಾರೆ, ಬೇಳೆ-ಮಸಾಲೆಯ ಅಂಗಡಿಗಳಿಗೆ ಬರವಿಲ್ಲ. ತೊಗರಿಯಂತೂ ತಾಂಜಾನಿಯಾದಲ್ಲಿ ಬೆಳೆದು ನಮ್ಮ ದೇಶಕ್ಕೇ ಬರುತ್ತದೆ. ಒಯ್ಯಬೇಕಾದ್ದು ಬೇರೆ: ಕಬ್ಬಿಣದ ಹಂಚು, ನಿಮ್ಮ ಕುಕ್ಕರಿಗೆ ಸರಿಹೊಂದುವ ಎರಡು ಗ್ಯಾಸ್ಕೆಟ್, ಎರಡು ಸೇಫ್ಟಿ ವಾಲ್ವ್, ಗುರೆಳ್ಳು ಚಟ್ನಿ, ಅಗಸಿ ಚಟ್ನಿ. ಅಲ್ಲಿ ಪ್ಲಗ್‌ಗೆ ಚೌಕ ಕಾಲು ಮೂರು. ನಮ್ಮ ಮಿಕ್ಸಿಗೆ ಅಡಾಪ್ಟರ್ ಬೇಕು, ವೋಲ್ಟೇಜ್ ಏರಿಳಿಯುವ ಊರಾದರೆ ಸ್ಟೆಬಿಲೈಸರೂ ಬೇಕು. ಕೆನ್ಯಾದಲ್ಲಿ 2017ರಿಂದ, ತಾಂಜಾನಿಯಾದಲ್ಲಿ 2019ರಿಂದ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧವಿದೆ. ಮಕ್ಕಳ ಬಟ್ಟೆ, ಚಪ್ಪಲಿ ಕ್ಯಾರಿಬ್ಯಾಗಿನಲ್ಲಿ ಸುತ್ತುವ ನಮ್ಮ ರೂಢಿ ವಿಮಾನ ನಿಲ್ದಾಣದಲ್ಲೇ ತೊಂದರೆ ಕೊಡುತ್ತದೆ. ಬಟ್ಟೆಯ ಚೀಲ ಹೊಲಿಸಿ, ಚಟ್ನಿಗೆ ಸ್ಟೀಲ್ ಡಬ್ಬಿ ಹಿಡಿಯಿರಿ.

ನೀರು ಕಾಸುವುದರಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ: ತಳದಲ್ಲಿ ಗುಳ್ಳೆ ಎದ್ದ ಕೂಡಲೇ ಇಳಿಸಿಬಿಡುತ್ತಾರೆ. ನೀರು ಕೊತಕೊತ ಕುದಿಯಲು ಹತ್ತಿದ ಮೇಲೆ ಪೂರ್ತಿ ಒಂದು ನಿಮಿಷ ಬಿಡಬೇಕು. ಊರು ಸಮುದ್ರಮಟ್ಟದಿಂದ 2,000 ಮೀಟರಿಗಿಂತ ಮೇಲಿದ್ದರೆ ಮೂರು ನಿಮಿಷ. ಕುದಿಸಿದ ನೀರನ್ನು ಅದೇ ಪಾತ್ರೆಯಲ್ಲೇ ಮುಚ್ಚಿ ಆರಿಸಿ, ಕೈ ಅದ್ದದಂತೆ ನಲ್ಲಿಯಿರುವ ಡ್ರಮ್ಮಿಗೆ ತುಂಬಿ. ಮಕ್ಕಳ ಹಲ್ಲುಜ್ಜಲೂ ಅದೇ ನೀರು. ಭೇದಿ ಹತ್ತಿದರೆ ಓಆರ್‌ಎಸ್ ಪ್ಯಾಕೆಟ್ ಒಳ್ಳೆಯದು. ಇಲ್ಲದಿದ್ದರೆ ಒಂದು ಲೀಟರ್ ಕಾಸಿ ಆರಿಸಿದ ನೀರಿಗೆ ಮಟ್ಟ ಮಾಡಿದ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ, ಕಣ್ಣಂದಾಜಿಗೆ ಹೋಗಬೇಡಿ. ಚಮಚದ ಅಳತೆಯ ಚೀಟಿ ಬರೆದು ಗೋಡೆಗೆ ಅಂಟಿಸಿ, ರಾತ್ರಿ ಎರಡಕ್ಕೆ ತಲೆ ಓಡುವುದಿಲ್ಲ. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ ಝಿಂಕ್, ಅದಕ್ಕಿಂತ ಚಿಕ್ಕದಕ್ಕೆ 10, ಭೇದಿ ನಿಂತರೂ 10ರಿಂದ 14 ದಿನ ಮುಗಿಸಿ. ಒಂದೇ ಸಲ ಲೋಟ ತುಂಬ ಕುಡಿಸಿದರೆ ವಾಂತಿಯಾಗುತ್ತದೆ. ಎರಡು ನಿಮಿಷಕ್ಕೊಮ್ಮೆ ಒಂದೊಂದು ಚಮಚ ಹಾಕಿ. ಕಣ್ಣು ಗುಳಿ ಬಿದ್ದು, ಉಚ್ಚೆ ನಿಂತು, ಮಗು ಮಂಕಾದರೆ ಮನೆಮದ್ದು ಅಲ್ಲಿಗೆ ಬಿಡಿ, ಆಸ್ಪತ್ರೆಗೆ ಒಯ್ಯಿರಿ.

ಕೃಷ್ಣೆ, ತುಂಗಭದ್ರೆ, ಕಾಲುವೆ ನೀರಿಗಿಳಿದು ಬೆಳೆದವರು ನಾವು. ಅಲ್ಲಿ ಹಾಗೆ ನಡೆಯದು. ವಿಕ್ಟೋರಿಯಾ ಸರೋವರದಂಥ ಕೆರೆಗಳ ದಂಡೆಯಲ್ಲಿ, ನಿಧಾನವಾಗಿ ಹರಿಯುವ ಹಳ್ಳಗಳಲ್ಲಿ ಬಿಲ್‌ಹಾರ್ಜಿಯಾ ಎಂಬ ರೋಗ ತರುವ ಹುಳುವಿನ ಮರಿ ನೀರಿನಲ್ಲೇ ಚರ್ಮ ತೂರಿ ಒಳಗೆ ಹೋಗುತ್ತದೆ. ಕಾಲದ್ದಿದರೂ ಸಾಕು. ಕೆರೆಯ ನೀರೇ ಸ್ನಾನಕ್ಕೂ ಬರುವ ಊರಾದರೆ ಕಾಸಿ ಬಳಸಿ, ಇಲ್ಲವೇ ಎರಡು ದಿನ ಡ್ರಮ್ಮಿನಲ್ಲಿ ಹಿಡಿದಿಟ್ಟು ಬಳಸಿ. ಅಷ್ಟರಲ್ಲಿ ಆ ಮರಿಗಳು ಸತ್ತಿರುತ್ತವೆ.

ಈಗ ಬಟ್ಟೆಯ ವಿಷಯ. ನಮ್ಮೂರಲ್ಲಿ ಯಾರೂ ಕೇಳಿರದ ಮಾತಾದ್ದರಿಂದ ಬಿಡಿಸಿ ಹೇಳುತ್ತೇನೆ. ಅಲ್ಲಿಯ ಬಿಸಿ, ತೇವದ ಊರುಗಳಲ್ಲಿ ಮ್ಯಾಂಗೋ ಫ್ಲೈ ಎನ್ನುವ ನೊಣವಿದೆ. ನೆರಳಲ್ಲಿ ಒಣಹಾಕಿದ ಹಸಿ ಬಟ್ಟೆಯ ಮೇಲೆ, ಉಚ್ಚೆ ಬಿದ್ದ ಮಣ್ಣಿನ ಮೇಲೆ ಮೊಟ್ಟೆ ಇಡುತ್ತದೆ. ಒಂದೆರಡು ದಿನದಲ್ಲಿ ಮೊಟ್ಟೆಯೊಡೆದ ಹುಳು ಬಟ್ಟೆ ತೊಟ್ಟ ಮೈಗೆ ತಾಗಿದರೆ ಚರ್ಮದೊಳಗೆ ಸೇರಿ ಬೆಳೆಯುತ್ತದೆ. ಮೇಲಕ್ಕೆ ಕುರುವಿನಂತೆ ಕಾಣುತ್ತದೆ, ನಡುವೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ ಇರುತ್ತದೆ. ಅದು ಹುಳು ಉಸಿರಾಡುವ ತೂತು. ಕೂಸಿನ ಕುಂಡಿ, ಸೊಂಟ, ಬೆನ್ನಿನಲ್ಲಿ ಇಂಥದ್ದು ಎದ್ದರೆ ಬೆವರುಗುಳ್ಳೆ ಎಂದು ಪೌಡರ್ ಹಚ್ಚಿ ಸುಮ್ಮನಾಗಬೇಡಿ. ಹಸಿಯಾಗಿ ಹಿಂಡಲೂಬೇಡಿ, ಹುಳು ಒಳಗೇ ಒಡೆದರೆ ಕೀವಾಗುತ್ತದೆ. ಚುಕ್ಕೆಯ ಮೇಲೆ ವ್ಯಾಸಲೀನ್ ದಪ್ಪಗೆ ಹಚ್ಚಿ ಮುಚ್ಚಿದರೆ ಉಸಿರು ಕಟ್ಟಿ ಹುಳು ಮೇಲಕ್ಕೆ ಬರುತ್ತದೆ, ಆಗ ದವಾಖಾನೆಯಲ್ಲಿ ಸಲೀಸಾಗಿ ತೆಗೆಯುತ್ತಾರೆ.

ಬಾರದಂತೆ ಮಾಡಲು ಇಸ್ತ್ರಿಯೇ ಮುಖ್ಯ ದಾರಿ. ಹೊರಗೆ ಒಣಗಿದ ಪ್ರತಿಯೊಂದು ಬಟ್ಟೆಗೂ, ಲಂಗೋಟಿ, ಒಳಚಡ್ಡಿ, ಹಾಸಿಗೆ ಹೊದಿಕೆ, ಟವೆಲ್, ಕಾಲುಚೀಲ ಎಲ್ಲಕ್ಕೂ ಎರಡೂ ಮಗ್ಗುಲು ಕಾದ ಇಸ್ತ್ರಿ ತಿರುವಬೇಕು. ಹೊಲಿಗೆಯ ಮಡಿಕೆ, ಇಲಾಸ್ಟಿಕ್ ಇರುವ ಕಡೆ ಒತ್ತಿ ಹಿಡಿಯಿರಿ, ಮೊಟ್ಟೆ ಉಳಿಯುವುದು ಅಲ್ಲೇ. ಬಿಸಿ ತಡೆಯದ ನೈಲಾನ್ ಬಟ್ಟೆಗೆ ಇದಾಗದು, ಅದಕ್ಕೇ ಕೂಸಿಗೆ ಹತ್ತಿ ಬಟ್ಟೆಯಷ್ಟೇ ಒಯ್ಯಿರಿ. ಕರೆಂಟ್ ಕೈಕೊಡುವ ಊರಾದರೆ ಇದ್ದಿಲಿನ ಇಸ್ತ್ರಿಪೆಟ್ಟಿಗೆ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಜಾಲರಿ ಹೊಡೆದ ಕೋಣೆಯೊಳಗೆ ಹಗ್ಗ ಕಟ್ಟಿ ಒಣಹಾಕಬಹುದು. ಮಣ್ಣಿನಂಗಳದಲ್ಲಿ ಬರಿಗಾಲು ಬೇಡ. ಕಾಲ್ಬೆರಳಿನ ಉಗುರಡಿ ಸೇರುವ ಚಿಗಟವೂ ಅಲ್ಲಿದೆ. ರಾತ್ರಿ ಕಾಲು ತೊಳೆಯುವಾಗ ಬೆರಳ ಸಂದು ಬೆಳಕಿನಲ್ಲಿ ನೋಡುವುದು ರೂಢಿಯಾಗಲಿ.

ಮಲೇರಿಯಾ ಸೊಳ್ಳೆ ಕಚ್ಚುವುದು ಹೊತ್ತು ಮುಳುಗಿದ ಮೇಲಿಂದ ಬೆಳಗಿನ ತನಕ. ಔಷಧ ಲೇಪಿಸಿದ ಸೊಳ್ಳೆಪರದೆಯನ್ನು ಹೊಸದಾಗಿ ಬಿಚ್ಚಿದಾಗ ಒಂದು ದಿನ ನೆರಳಲ್ಲಿ ಹರವಿ ಗಾಳಿ ಕೊಡಿ, ಇಲ್ಲದಿದ್ದರೆ ಮಗುವಿನ ಕಣ್ಣು, ಮುಖ ಉರಿಯುತ್ತವೆ. ಅಂಚು ನೆಲಕ್ಕೆ ಇಳಿಬಿಟ್ಟರೆ ಸಾಲದು, ಹಾಸಿಗೆಯ ಕೆಳಗೆ ಸುತ್ತಲೂ ಸಿಕ್ಕಿಸಬೇಕು. ಪರದೆ ದೊಡ್ಡದಿರಲಿ; ಹೊರಳಾಡುವ ಮಗುವಿನ ಕೈ ಪರದೆಗೆ ಒತ್ತಿಕೊಂಡರೆ ಸೊಳ್ಳೆ ಆಚೆಯಿಂದಲೇ ಕಚ್ಚುತ್ತದೆ. ಒಗೆಯುವುದು ಅಪರೂಪಕ್ಕೆ, ತಣ್ಣೀರಲ್ಲಿ, ಮೆದು ಸೋಪಿನಲ್ಲಿ. ಬಿಸಿಲಿಗೆ ಹಾಕಿದರೆ ಔಷಧ ಸಾಯುತ್ತದೆ. 20 ಸಲ ಒಗೆದ ಮೇಲೆ ಅಥವಾ ಮೂರು ವರ್ಷಕ್ಕೆ ಬದಲಿಸಿ. ಊರಲ್ಲಿ ಕೊಡುತ್ತಿದ್ದ ಕ್ಲೋರೋಕ್ವಿನ್ ಮಾತ್ರೆ ಆಫ್ರಿಕಾದ ಮಲೇರಿಯಾಕ್ಕೆ ನಾಟುವುದಿಲ್ಲ. ತಡೆಗೆ ಕೊಡುವ ಮಾತ್ರೆಯ ಅಳತೆ ಮಗುವಿನ ತೂಕದ ಮೇಲೆ ನಿಂತಿದೆ. ಮಗು ಬೆಳೆದಂತೆ ತೂಕ ನೋಡಿಸಿ ಡೋಸ್ ಕೇಳಿ ಬದಲಿಸಿಕೊಳ್ಳಿ, ಇದನ್ನು ಬಹಳ ಜನ ಮರೆಯುತ್ತಾರೆ. ಜ್ವರ ಬಂದರೆ ಅದೇ ದಿನ ರಕ್ತಪರೀಕ್ಷೆ. ನಾಳೆ ನೋಡೋಣ ಎನ್ನುವ ಮಾತು ಐದು ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ಬೇಡವೇ ಬೇಡ.

ಊಟದಲ್ಲಿ ಮಕ್ಕಳಿಗೆ ನೆಮ್ಮದಿ ಕೊಡುವುದು ಪರಿಚಯದ ರುಚಿ. ಜೋಳ ಅಲ್ಲಿಯದೇ ಬೆಳೆ, ಪೇಟೆಯಲ್ಲಿ ಮ್ತಾಮಾ ಎಂದು ಕೇಳಿ. ಹಿಟ್ಟು ಕೊಳ್ಳಬೇಡಿ, ಕಾಳೇ ಕೊಳ್ಳಿ. ಕೆಂಪು ಜೋಳ ಒಗರು, ರೊಟ್ಟಿಗೆ ಜಿಗುಟು ಬರುವುದಿಲ್ಲ. ಬಿಳಿ ಜೋಳ ಆರಿಸಿ. ಅಲ್ಲಿಯ ಗಿರಣಿಗಳಲ್ಲಿ ಬೀಸುವುದು ಹೆಚ್ಚಾಗಿ ಮೆಕ್ಕೆಜೋಳ, ಕಲ್ಲಿನ ಸಂದಿಯಲ್ಲಿ ಅದರ ಹಿಟ್ಟು ಉಳಿದಿರುತ್ತದೆ. ಮೊದಲು ಬಿದ್ದ ಅರ್ಧ ಕಿಲೋ ಬೇರೆ ತೆಗೆದಿಟ್ಟು ಅಂಬಲಿಗೆ ಬಳಸಿ, ಉಳಿದದ್ದು ರೊಟ್ಟಿಗೆ. ವಾರಕ್ಕಾಗುವಷ್ಟೇ ಬೀಸಿಸಿ. ಎರಡು ಬಟ್ಟಲು ಹಿಟ್ಟಿಗೆ ಒಂದೂವರೆ ಬಟ್ಟಲು ನೀರು ಎಸರಿಟ್ಟು ಚಿಟಿಕೆ ಉಪ್ಪು ಹಾಕಿ, ಚೆನ್ನಾಗಿ ಕುದಿ ಬಂದ ಮೇಲೆ ಒಲೆ ಆರಿಸಿ ಹಿಟ್ಟು ಸುರಿದು ಮುಚ್ಚಿಡಿ. ಐದು ನಿಮಿಷದ ಮೇಲೆ ಕೈ ತಡೆಯುವಷ್ಟು ಬಿಸಿಯಲ್ಲೇ ನಾದಿ. ಜೋಳದಲ್ಲಿ ಗೋಧಿಯ ಅಂಟಿಲ್ಲ, ಹಿಟ್ಟನ್ನು ಹಿಡಿದಿಡುವುದು ಕುದಿನೀರಿನಲ್ಲಿ ಬೆಂದ ಅದರ ಪಿಷ್ಟವೇ. ಬಡಿಯುವಾಗ ಅಂಚು ಸೀಳಿದರೆ ಹಿಟ್ಟು ಹಳತು, ಇಲ್ಲವೇ ಎಸರು ಸಾಲಲಿಲ್ಲ ಎಂದು ತಿಳಿಯಿರಿ. ಹಳೇ ಹಿಟ್ಟೇ ಗತಿಯಾದರೆ ನಾಲ್ಕರಲ್ಲೊಂದು ಪಾಲು ಗೋಧಿಹಿಟ್ಟು ಸೇರಿಸಿ ಲಟ್ಟಿಸಿಬಿಡಿ, ಮಕ್ಕಳು ದೂರು ಹೇಳುವುದಿಲ್ಲ. ಹಲ್ಲು ಬಾರದ ಕೂಸಿಗೆ ರಾಗಿ ಗಂಜಿ. ರಾಗಿಗೆ ತಾಂಜಾನಿಯಾದಲ್ಲಿ ಉಲೆಜಿ, ಕೆನ್ಯಾದಲ್ಲಿ ವಿಂಬಿ ಎನ್ನುತ್ತಾರೆ. ಅಲ್ಲಿಯ ಉಗಾಲಿ ಮೆಕ್ಕೆಜೋಳದ ಗಟ್ಟಿ ಮುದ್ದೆ, ಬೇಳೆ ಸಾರಿನೊಂದಿಗೆ ಮಕ್ಕಳು ಬೇಗ ಹೊಂದಿಕೊಳ್ಳುತ್ತಾರೆ. ನೆರೆಮನೆಯವರು ಕರೆದು ಕೊಟ್ಟಾಗ ಮಗು ಖುಷಿಯಿಂದ ತಿಂದರೆ ಅವರಿಗೂ ಸಂತೋಷ.

ಶೇಂಗಾ ಚಟ್ನಿಯ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು. ತೇವದಲ್ಲಿಟ್ಟ ಶೇಂಗಾ, ಮೆಕ್ಕೆಜೋಳಕ್ಕೆ ಹಿಡಿಯುವ ಬೂಸ್ಟಿನಲ್ಲಿ ಅಫ್ಲಾಟಾಕ್ಸಿನ್ ವಿಷ ಇರುತ್ತದೆ. ಹುರಿದರೂ, ಬೇಯಿಸಿದರೂ ಪೂರ್ತಿ ಹೋಗದು. 2004ರಲ್ಲಿ ಕೆನ್ಯಾದಲ್ಲಿ ಇಂಥ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಶೇಂಗಾವನ್ನು ಮೊರದಲ್ಲಿ ಹರವಿ ಮುರುಟಿದ್ದು, ಬಣ್ಣಗೆಟ್ಟಿದ್ದು, ಕಹಿ ವಾಸನೆಯದ್ದು ಒಂದೂ ಉಳಿಯದಂತೆ ಆರಿಸಿ ಎಸೆಯಿರಿ. ಪುಡಿ ಮಾಡಿ ಮಾರುವ ಅಗ್ಗದ ಶೇಂಗಾಹಿಟ್ಟು ಮಕ್ಕಳಿಗೆ ಬೇಡ, ಅದರಲ್ಲಿ ಯಾವ ಕಾಳು ಸೇರಿದೆಯೋ ಕಣ್ಣಿಗೆ ಕಾಣುವುದಿಲ್ಲ.

ಹವೆ ಬಗ್ಗೆ ಒಂದು ಮಾತು. ಆಫ್ರಿಕಾ ಎಂದರೆ ಬಿಸಿಲು ಎಂದು ರಾಯಚೂರಿನವರು ಸ್ವೆಟರ್ ಬಿಟ್ಟು ಹೋಗುತ್ತಾರೆ. ನೈರೋಬಿ ಸುಮಾರು 1,700 ಮೀಟರ್ ಎತ್ತರದಲ್ಲಿದೆ, ಜೂನ್-ಜುಲೈನಲ್ಲಿ ನಮ್ಮ ಮಕ್ಕಳಿಗೆ ನಡುಕ ಬರುವಷ್ಟು ಚಳಿ. ಆ ಎತ್ತರದಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುವುದರಿಂದ ಬೇಳೆ ತೆರೆದ ಪಾತ್ರೆಯಲ್ಲಿ ಬೇಗ ಬೇಯದು. ಕುಕ್ಕರಿನ ಗ್ಯಾಸ್ಕೆಟ್ ಎರಡಿರಲಿ ಎಂದದ್ದು ಅದಕ್ಕೇ.

ಸೇವೆಯ ಮನೆಗೆ ಜನ ಬರುವುದು ಹೊತ್ತು ನೋಡಿ ಅಲ್ಲ. ಬಂದವರಿಗೆ ಚಹಾ ಇಡುವುದರಲ್ಲಿ ಮಗುವಿನ ಊಟ ಎಂಟಕ್ಕೋ ಒಂಬತ್ತಕ್ಕೋ ಹೋಗುತ್ತದೆ, ಆಮೇಲೆ ಅಳು, ನಿದ್ದೆಗೇಡು. ಸಂಜೆ ಆರರಿಂದ ಏಳೂವರೆ ಮಕ್ಕಳ ಹೊತ್ತು ಎಂದು ಮೊದಲ ವಾರದಲ್ಲೇ ಸಭೆಯವರಿಗೆ ವಿನಯದಿಂದ ತಿಳಿಸಿ. ಆ ಹೊತ್ತಿಗೆ ಯಾರಾದರೂ ಬಂದರೆ ಗಂಡ ಹೊರಗೆ ಮಾತಾಡಲಿ, ಹೆಂಡತಿ ಉಣಿಸಲಿ, ಮರುದಿನ ಅದಲುಬದಲಾಗಲಿ. ಭಾನುವಾರ ನಿಮಗೆ ರಜೆಯಲ್ಲ, ಸೋಮವಾರವನ್ನು ಮನೆಗೇ ಇಟ್ಟುಕೊಳ್ಳಿ. ಸ್ವಾಹಿಲಿ ಮಾತಾಡುವವರು ಗಂಟೆ ಎಣಿಸುವುದು ಬೆಳಗಿನ ಆರರಿಂದ. ಅವರ ಮೂರು ಗಂಟೆ ಎಂದರೆ ನಮ್ಮ ಒಂಬತ್ತು. ದವಾಖಾನೆಯ ಸಮಯ ಕೇಳುವಾಗ ಮತ್ತೊಮ್ಮೆ ಕೇಳಿ ಖಾತ್ರಿ ಮಾಡಿಕೊಳ್ಳಿ.

ಮನೆಯೊಳಗೆ ಕನ್ನಡ ಬಿಡಬೇಡಿ. ಶಾಲೆಯಲ್ಲಿ ಇಂಗ್ಲಿಷ್, ಅಂಗಳದಲ್ಲಿ ಸ್ವಾಹಿಲಿ ತಾನಾಗಿಯೇ ಬರುತ್ತದೆ, ಕನ್ನಡ ನೀವು ಕೊಟ್ಟರಷ್ಟೇ. ಕುಟುಂಬ ಪ್ರಾರ್ಥನೆ, ಊಟದ ಮಾತು, ಗದರುವುದು, ಲಾಲಿ ಎಲ್ಲ ಕನ್ನಡದಲ್ಲೇ ಇರಲಿ. ನಾಲ್ಕು ದಾಟಿದ ಮಗುವಿಗೆ ದಿನಕ್ಕೆ ಹತ್ತು ನಿಮಿಷ ಅಕ್ಷರ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ನಮ್ಮ ಭಾಷೆ ಕಲಿತು ಬೈಬಲನ್ನು ಕನ್ನಡಕ್ಕೆ ತರಲು ದುಡಿದರು. ಆ ಊರಿನ ಮಕ್ಕಳು ಅದನ್ನು ಓದಲಾರದೆ ಬೆಳೆಯುವುದು ಬೇಡ. ಅಜ್ಜ-ಅಜ್ಜಿಗೆ ಫೋನ್ ಮಾಡಲು ಅಲ್ಲಿಯ ಸಂಜೆ ನಾಲ್ಕೂವರೆ ಒಳ್ಳೆಯದು, ಇಲ್ಲಿ ಆಗ ಏಳು. ಅಲ್ಲಿ ಏಳಕ್ಕೆ ಮಾಡಿದರೆ ಇಲ್ಲಿ ಒಂಬತ್ತೂವರೆ, ಹಿರಿಯರು ತೂಕಡಿಸುತ್ತಿರುತ್ತಾರೆ. ಹೇಗಿದ್ದೀ ಎಂದು ಕೇಳಿದರೆ ಚಿಕ್ಕ ಮಗು ಬಾಯಿ ಬಿಡದು. ಅಜ್ಜಿ ರೊಟ್ಟಿ ಬಡಿಯುವಾಗಲೇ ವಿಡಿಯೊ ಹಚ್ಚಿ, ತಾನಾಗಿಯೇ ಮಾತಾಡುತ್ತದೆ.

ರಜೆಗೆ ಊರಿಗೆ ಬರುವಾಗ ಹಳದಿ ಜ್ವರದ ಪ್ರಮಾಣಪತ್ರ ಕೈಚೀಲದಲ್ಲೇ ಇರಲಿ. ಅದಿಲ್ಲದೆ ಇಳಿದರೆ ವಿಮಾನ ನಿಲ್ದಾಣದಿಂದಲೇ 6 ದಿನದ ತನಕ ಬೇರೆ ಇರಿಸಬಹುದು. ಮಲೇರಿಯಾ ತಡೆಯುವ ಮಾತ್ರೆಯನ್ನು ಊರು ಸೇರಿದ ಕೂಡಲೇ ನಿಲ್ಲಿಸಬೇಡಿ. ಕೆಲವು ಒಂದು ವಾರ, ಕೆಲವು ನಾಲ್ಕು ವಾರ ಮುಂದುವರಿಸಬೇಕಾಗುತ್ತದೆ, ನಿಮ್ಮದು ಯಾವುದೆಂದು ಬರೆಸಿಕೊಂಡೇ ಹೊರಡಿ. ಬಂದ ಮೇಲೆ ಒಂದು ವರ್ಷದೊಳಗೆ ಮಗುವಿಗೆ ಜ್ವರ ಬಂದರೆ, ಅದು ಮಾನ್ವಿಯಲ್ಲಾಗಲಿ ಗಂಗಾವತಿಯಲ್ಲಾಗಲಿ, ವೈದ್ಯರ ಮುಂದೆ ಕುಳಿತ ಕೂಡಲೇ ಹೇಳಬೇಕಾದ ಮೊದಲ ಮಾತು ಮಗು ಆಫ್ರಿಕಾದಲ್ಲಿತ್ತು ಎನ್ನುವುದು. ಎರಡನೆಯದು, ರಕ್ತದಲ್ಲಿ ಮಲೇರಿಯಾ ನೋಡಿ ಎನ್ನುವುದು.