ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರಿಗೆ ನೆರವಾಗುವ ಬಗೆ

ಸ್ಕಿಜೋಫ್ರೇನಿಯಾ, ಬೈಪೋಲಾರ್‌ನಂಥ ತೀವ್ರ ಮಾನಸಿಕ ಕಾಯಿಲೆ ಇರುವವರನ್ನೂ ಕುಡಿತದ ಚಟಕ್ಕೆ ಬಿದ್ದವರನ್ನೂ ನಮ್ಮಲ್ಲಿ ವರ್ಷಗಟ್ಟಲೆ ನೋಡಿಕೊಳ್ಳುವವರು ಮನೆಯವರೇ. ಅದರಲ್ಲೂ ತಾಯಿ, ಹೆಂಡತಿ ಅಥವಾ ಅಕ್ಕ. ಆಸ್ಪತ್ರೆಯಲ್ಲಿ ಎಲ್ಲರೂ ರೋಗಿಯನ್ನೇ ವಿಚಾರಿಸುತ್ತಾರೆ. ಪಕ್ಕದಲ್ಲಿ ಫೈಲು ಹಿಡಿದು ಕೂತವರು ಸರಿಯಾಗಿ ನಿದ್ದೆ ಮಾಡಿ ಎಷ್ಟು ದಿನವಾಯಿತೆಂದು ಕೇಳುವವರು ಕಡಿಮೆ. ಅಂಥವರಿಗೆ ನೀವು ಬಂಧುಗಳೋ ನೆರೆಯವರೋ ಆಗಿದ್ದರೆ ಈ ಬರಹ ನಿಮಗಾಗಿ.

ಮೊದಲಿಗೆ, ಅವರು ಕೇಳದ ಸಲಹೆಯನ್ನು ಕೊಡಬೇಡಿ. "ಒಂದು ಮದುವೆ ಮಾಡಿಬಿಡಿ, ಎಲ್ಲ ಸರಿಹೋಗುತ್ತದೆ" ಎಂಬ ಮಾತು ಇನ್ನೊಂದು ಜೀವವನ್ನೂ ಕಷ್ಟಕ್ಕೆ ನೂಕುತ್ತದೆ. "ಮುದ್ದು ಮಾಡಿ ನೀವೇ ಕೆಡಿಸಿದಿರಿ" ಎಂಬುದು ಸುಳ್ಳು ಆರೋಪ, ಏಕೆಂದರೆ ಸ್ಕಿಜೋಫ್ರೇನಿಯಾ ತಾಯಿ ಸಾಕಿದ ರೀತಿಯಿಂದ ಬರುವ ಕಾಯಿಲೆಯಲ್ಲ.

"ಏನಾದರೂ ಬೇಕಿದ್ದರೆ ಹೇಳಿ" ಎಂದು ಹೊರಟರೆ ಅವರು ಏನನ್ನೂ ಕೇಳುವುದಿಲ್ಲ. ಅದರ ಬದಲು, "ಅಕ್ಕಾ, ಗುರುವಾರ ಬೆಳಿಗ್ಗೆ ಹತ್ತರಿಂದ ಎರಡರವರೆಗೆ ನಾನು ಅವನ ಜೊತೆಗಿರುತ್ತೇನೆ, ನೀವು ನಿಮ್ಮ ಬಿಪಿ ತೋರಿಸಿಕೊಂಡು ಬನ್ನಿ" ಎಂದು ಹೇಳಿ, ಆ ದಿನ ತಪ್ಪದೆ ಹೋಗಬೇಕು. ಆಸ್ಪತ್ರೆಗೆ ಜೊತೆಯಾಗಿ ಹೋದರೆ ಇನ್ನೂ ಒಳ್ಳೆಯದು. ಚೀಟಿ ಮಾಡಿಸಿ ಸಾಲಿನಲ್ಲಿ ಕಾದು ವೈದ್ಯರ ಮುಂದೆ ಕೂರುವಷ್ಟರಲ್ಲಿ ಹೇಳಬೇಕೆಂದುಕೊಂಡದ್ದೆಲ್ಲ ಮರೆತುಹೋಗಿರುತ್ತದೆ. ಆದ್ದರಿಂದ ನಿದ್ದೆ, ಊಟ, ಕೈನಡುಕ, ಬಿಟ್ಟುಹೋದ ಮಾತ್ರೆ ಇವನ್ನು ದಿನಾಂಕ ಸಹಿತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಅವರಿಗೆ ನೆರವಾಗಿ. ಬೈಪೋಲಾರ್‌ಗೆ ಕೊಡುವ ಲಿಥಿಯಂ ಮಾತ್ರೆ ಸೇವಿಸುವವರಿಗೆ ವಾಂತಿ, ಭೇದಿ ಶುರುವಾದರೆ ಅಥವಾ ನಡುಕ ಹೆಚ್ಚಾದರೆ, ಅದೇ ದಿನ ವೈದ್ಯರಿಗೆ ತಿಳಿಸಬೇಕು.

ಕುಡಿತದ ವಿಷಯದಲ್ಲಿ ಎರಡು ಎಚ್ಚರಿಕೆಗಳನ್ನು ಒತ್ತಿ ಹೇಳಬೇಕಾಗಿದೆ. ಗಂಡನಿಗೆ ತಿಳಿಯದಂತೆ ಕಾಫಿಗೋ ಸಾರಿಗೋ ಬೆರೆಸಲೆಂದು "ಕುಡಿತ ಬಿಡಿಸುವ ಪುಡಿ" ತಂದುಕೊಡುವ ಹಿತೈಷಿಗಳಿದ್ದಾರೆ. ಅದರಲ್ಲಿ ಡೈಸಲ್ಫಿರಾಮ್ (ಮದ್ಯದ ಜೊತೆ ಸೇರಿದರೆ ದೇಹಕ್ಕೆ ಒಗ್ಗದ ಔಷಧಿ) ಇದ್ದು ಆತ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು. ಹಾಗೆಯೇ, ದಿನವೂ ವಿಪರೀತ ಕುಡಿಯುವವರನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಲು ಹೋದರೆ ಎರಡು ಮೂರು ದಿನಗಳೊಳಗೆ ಫಿಟ್ಸ್ ಬರಬಹುದು, ಇಲ್ಲವೇ ಬುದ್ಧಿಭ್ರಮೆಯಾಗಬಹುದು. ಇದು ವೈದ್ಯರ ನಿಗಾದಲ್ಲೇ ನಡೆಯಬೇಕಾದ ಕೆಲಸ. ಸಹಾಯದ ಹಣವನ್ನು ಆತನ ಸಾಲ ತೀರಿಸಲು ಕೊಡದೆ, ಮಕ್ಕಳ ಫೀಸನ್ನು ನೇರವಾಗಿ ಶಾಲೆಗೇ ಕಟ್ಟಿ. ಆತ ಹೊಡೆಯುತ್ತಿದ್ದರೆ "ಸಹಿಸಿಕೋ" ಎನ್ನದೆ ಹೆಂಡತಿ ಮಕ್ಕಳಿಗೆ ಆ ರಾತ್ರಿ ನಿಮ್ಮ ಮನೆಯಲ್ಲಿ ಜಾಗ ಕೊಡಿ. ತುರ್ತು ಸಂದರ್ಭಕ್ಕೆ 112, ಮಹಿಳಾ ಸಹಾಯವಾಣಿಗೆ 181. ಕುಡಿತದವರ ಮನೆಮಂದಿಗೆಂದೇ ಅಲ್-ಅನಾನ್ ಸಭೆಗಳಿವೆ. ಮೊದಲ ದಿನ ಜೊತೆಯಲ್ಲಿ ಹೋಗಿ ಬನ್ನಿ.

ಓಡಾಟದ ಕೆಲಸಗಳನ್ನೂ ನೀವು ವಹಿಸಿಕೊಳ್ಳಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿರುವುದರಿಂದ ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಹಾಕಲು ಅವಕಾಶವಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ವಿಮಾ ಕಂಪನಿಗಳು ದೈಹಿಕ ಕಾಯಿಲೆಯಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಒದಗಿಸಬೇಕು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ನಂಥ ದೊಡ್ಡ ಮಾನಸಿಕ ಆಸ್ಪತ್ರೆಗಳು ದೂರವಾದರೆ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ವಿಚಾರಿಸಿ.

"ನನ್ನ ನಂತರ ಇವನ ಗತಿಯೇನು?" ಎಂಬ ಪ್ರಶ್ನೆ ಪ್ರತಿ ತಾಯಿಯನ್ನೂ ಕಾಡುತ್ತದೆ. "ದೇವರಿದ್ದಾನೆ" ಎಂದು ಸಮಾಧಾನ ಹೇಳುವುದಕ್ಕಿಂತ ಒಡಹುಟ್ಟಿದವರನ್ನು ಕೂರಿಸಿ, ಯಾರ ಮನೆ, ಯಾರ ಖರ್ಚು, ಮಾತ್ರೆಯ ಹೊಣೆ ಯಾರದು ಎಂಬುದನ್ನು ಕಾಗದದ ಮೇಲೆ ಬರೆಸಿ. ಆದರೆ ಆಕೆ "ಇಬ್ಬರೂ ಒಟ್ಟಿಗೆ ಹೋಗಿಬಿಟ್ಟರೆ ಸಾಕು" ಎಂದರೆ ಅದನ್ನು ಬೇಸರದ ಮಾತೆಂದು ತಳ್ಳಿಹಾಕದೆ, ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಹೌದೆಂದರೆ ಒಂಟಿಯಾಗಿ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಆಕೆಯ ಪಕ್ಕದಲ್ಲೇ ಕೂತು ಕರೆ ಮಾಡಿ. ಅಲ್ಲಿ ದಿನದ 24 ಗಂಟೆಯೂ ಕನ್ನಡದಲ್ಲಿ ಮಾತನಾಡಬಹುದು.