18 ಮೆಟ್ಟಿಲು: ಊರಿನ ಅಂಗವಿಕಲರ ಇತಿಹಾಸ ಉಳಿಸಿಡುವುದು ಹೇಗೆ?

ಕಾರ್ಕಳದ ಹತ್ತಿರದ ನಮ್ಮ ಮನೆಯ ಅಟ್ಟದಲ್ಲಿ ಚಿಕ್ಕಪ್ಪನ ಹಳೇ ಕ್ಯಾಲಿಪರ್ ಇದೆ. ಎರಡು ಕಬ್ಬಿಣದ ಸರಳು, ಮಂಡಿಗೆ ಕಟ್ಟುವ ಚರ್ಮದ ಪಟ್ಟಿ, ಕೆಳಗೆ ಸವೆದ ಬೂಟು. ಪೋಲಿಯೊ ಆಗಿದ್ದ ಅವರ ಓದು ಆರನೇ ಕ್ಲಾಸಿಗೇ ನಿಂತಿತು. ಕಾಲು ಸರಿ ಇಲ್ಲದ್ದಕ್ಕೆ ಶಾಲೆ ಬಿಟ್ಟರು ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಚಿಕ್ಕಪ್ಪನನ್ನೇ ಕೇಳಿದರೆ ಉತ್ತರ ಬೇರೆ: "ಏಳನೇ ಕ್ಲಾಸು ಮಾಳಿಗೆಯಲ್ಲಿತ್ತು ಮಾರಾಯ. 18 ಮೆಟ್ಟಿಲು."

ಗಾಲಿಕುರ್ಚಿ ಹಂಚಿದ ದಾನಿಯ ಫೋಟೊ ಹಳೇ ಪೇಪರಿನಲ್ಲಿ ಸಿಗುತ್ತದೆ. ಈ ಮೆಟ್ಟಿಲ ಲೆಕ್ಕ ಸಿಗುವುದಿಲ್ಲ. ಹಾಗಾಗಿ ಮೊದಲ ಕೆಲಸ, ಹಿರಿಯರ ಮಾತು ರೆಕಾರ್ಡ್ ಮಾಡುವುದು. ಮೊಬೈಲ್ ಸಾಕು. ತುಳು, ಬ್ಯಾರಿ, ಕೊಂಕಣಿ, ಅವರ ಮನೆಮಾತು ಯಾವುದೋ ಅದರಲ್ಲೇ ಮಾತಾಡಲಿ. ಕಿವಿ ಕೇಳದವರಾದರೆ ವಿಡಿಯೊ ಮಾಡಿ, ಸಂಜ್ಞಾ ಭಾಷೆ ಬಲ್ಲವರನ್ನು ಜೊತೆಗೆ ಕರೆದೊಯ್ಯಿರಿ. "ನಿಮ್ಮ ಕಷ್ಟ ಹೇಳಿ" ಎಂದರೆ "ಎಂತ ಉಂಟು ಹೇಳ್ಲಿಕ್ಕೆ" ಅಂತ ಮಾತು ಅಲ್ಲಿಗೇ ಮುಗಿಯುತ್ತದೆ. ಬಸ್ಸು ಹೇಗೆ ಹತ್ತುತ್ತಿದ್ದಿರಿ, ಮದುವೆಮನೆಯಲ್ಲಿ ಎಲ್ಲಿ ಕೂರಿಸುತ್ತಿದ್ದರು ಅಂತ ಕೇಳಿ. ಪಕ್ಕದಲ್ಲಿ ಕೂತ ಮನೆಯವರು ತಾವೇ ಉತ್ತರ ಕೊಡಲು ಶುರು ಮಾಡುತ್ತಾರೆ. ಅವರಿಗೆ ಚಾ ಮಾಡಲು ಹೇಳಿ!

ಇಸವಿ ಯಾರಿಗೂ ನೆನಪಿರುವುದಿಲ್ಲ. ಉಡುಪಿ ಕಡೆಯವರಾದರೆ ಆಗ ಯಾವ ಮಠದ ಪರ್ಯಾಯ (ಎಂಟು ಮಠಗಳು ಎರಡೆರಡು ವರ್ಷ ಸರದಿಯಲ್ಲಿ ಕೃಷ್ಣನ ಪೂಜೆ ವಹಿಸಿಕೊಳ್ಳುವುದು) ಅಂತ ಕೇಳಿ ನೋಡಿ. ಪೇಜಾವರ ಮಠದ್ದು ಎಂದರೆ 1968, 1984 ಅಥವಾ 2000ದಲ್ಲಿ ಶುರುವಾದದ್ದು. ವಯಸ್ಸು ನೋಡಿದರೆ ಯಾವುದು ಅಂತ ಗೊತ್ತಾಗುತ್ತದೆ.

ಬೆಳ್ತಂಗಡಿಯ ಕೊಕ್ಕಡ, ಪಟ್ರಮೆ ಕಡೆ ಹೋಗುವವರು ಸ್ವಲ್ಪ ಜಾಗ್ರತೆ. ಗೇರು ತೋಟಗಳಿಗೆ ಹೆಲಿಕಾಪ್ಟರ್‌ನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ ಊರುಗಳವು. ಅಲ್ಲಿ ಅಂಗವಿಕಲ ಮಕ್ಕಳ ಫೋಟೊ ತೆಗೆದು ಹೋದವರು ಬೇಕಾದಷ್ಟಿದ್ದಾರೆ, ತಾಯಂದಿರ ಮಾತು ಕೂತು ಕೇಳಿದವರು ಕಡಿಮೆ ಅಂತ ನನಗನ್ನಿಸುತ್ತದೆ. ಎಲ್ಲೇ ಆಗಲಿ ಒಪ್ಪಿಗೆ ಪಡೆಯಿರಿ. ನಾಳೆ "ಬೇಡ" ಎಂದರೆ ಅಳಿಸಿಬಿಡಿ.

ಆಮೇಲೆ ಕಾಗದಪತ್ರ. ವೈದ್ಯರ ಸರ್ಟಿಫಿಕೇಟು, ಬಸ್ ಪಾಸು, ಶಾಲೆಯ ಟಿ.ಸಿ. ಎಲ್ಲವನ್ನೂ ಹಗಲು ಬೆಳಕಲ್ಲಿ ಫೋಟೊ ತೆಗೆಯಿರಿ. ಲ್ಯಾಮಿನೇಷನ್ ಮಾತ್ರ ಬೇಡವೇ ಬೇಡ. ನಮ್ಮ ಮಳೆಗಾಲ ಗೊತ್ತಲ್ವಾ, ಈ ಕೆಲಸ ಮೇ ಒಳಗೆ ಮುಗಿಸಿ. ಉಡುಪಿಯವರು ಹಳೇ ಸರ್ಕಾರಿ ದಾಖಲೆ ಹುಡುಕುವಾಗ ಮಂಗಳೂರಲ್ಲೂ ವಿಚಾರಿಸಬೇಕು. 1997ರವರೆಗೆ ಜಿಲ್ಲೆ ಒಂದೇ.

ಸುಮ್ನೆ ಕೂಡಿಟ್ಟರೆ ಪ್ರಯೋಜನವಿಲ್ಲ. ನಾನು ಆ ಶಾಲೆಗೆ ಹೋಗಿ ಮೆಟ್ಟಿಲು ಎಣಿಸಿದೆ. 18, ಸರಿಯಾಗಿ. ರ‍್ಯಾಂಪ್ ಇಲ್ಲ. ಏಳನೇ ಕ್ಲಾಸು ಈಗಲೂ ಮೇಲೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ, ನಿಯಮ ಬಂದ 5 ವರ್ಷದೊಳಗೆ ಇಂಥ ಹಳೇ ಕಟ್ಟಡಗಳು ಎಲ್ಲರೂ ಓಡಾಡುವಂತಾಗಬೇಕಿತ್ತು. ನಿಯಮ ಬಂದದ್ದು ಜೂನ್ 2017ರಲ್ಲಿ.

ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದದೊಳಗೆ. ಉತ್ತರಕ್ಕೆ 30 ದಿನ. ಆ ಉತ್ತರ, ಮೆಟ್ಟಿಲಿನ ಫೋಟೊ, ರೆಕಾರ್ಡಿಂಗ್ ಮೂರನ್ನೂ ಸೇರಿಸಿ ಬೆಂಗಳೂರಿನ ಅಂಗವಿಕಲರ ರಾಜ್ಯ ಆಯುಕ್ತರಿಗೆ ದೂರು ಕಳಿಸಬಹುದು. ನನ್ನ ಅರ್ಜಿ ಹೋಗಿ 12 ದಿನ ಆಯಿತು. "ಉತ್ತರ ಬಂತಾ" ಅಂತ ಚಿಕ್ಕಪ್ಪ ದಿನಾ ಕೇಳುತ್ತಾರೆ.