ಚಿತ್ರ ಬರೆಯಲು ಬಾರದವರು ಕಾಮಿಕ್ಸ್ ಕಟ್ಟುವ ಬಗೆ

ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಕಡತ ನೋಡಿಕೊಳ್ಳುವ ಗುಮಾಸ್ತರಾಗಿದ್ದ ಹಾರ್ವಿ ಪೀಕಾರ್ ಅವರಿಗೆ ಚಿತ್ರ ಬರೆಯಲು ಬರುತ್ತಿರಲಿಲ್ಲ. ಅವರು ಚೌಕಗಳನ್ನು ಗೀಚಿ, ಅವುಗಳಲ್ಲಿ ಕಡ್ಡಿಗೊಂಬೆಗಳನ್ನು ನಿಲ್ಲಿಸಿ, ಮಾತು ತುಂಬಿ, ರಾಬರ್ಟ್ ಕ್ರಂಬ್ ಅವರಂಥ ಕಲಾವಿದರ ಕೈಗೆ ಕೊಡುತ್ತಿದ್ದರು. 1976ರಲ್ಲಿ ‘ಅಮೆರಿಕನ್ ಸ್ಪ್ಲೆಂಡರ್’ ಎಂಬ ಕಾಮಿಕ್ಸ್ ಸರಣಿಯನ್ನು ಸ್ವಂತ ಹಣದಿಂದಲೇ ಪ್ರಕಟಿಸತೊಡಗಿದರೂ ನಿವೃತ್ತಿಯವರೆಗೆ ಆ ನೌಕರಿಯನ್ನು ಬಿಡಲಿಲ್ಲ. ಸ್ವತಂತ್ರವಾಗಿ ಕಾಮಿಕ್ಸ್ ಬರೆದು, ಸಂಪಾದಕರ ಕೆಲಸವನ್ನೂ ತಾವೇ ಮಾಡಲು ಹೊರಟವರು ಮೊದಲು ಗಮನಿಸಬೇಕಾದದ್ದು ಇದನ್ನೇ: ಮನೆ ನಡೆಸಲು ಬೇರೊಂದು ದುಡಿಮೆಯಿದ್ದರೆ, ಯಾರ ಒಪ್ಪಿಗೆಗೂ ಕಾಯದೆ ತಮಗೆ ಬೇಕಾದ ಕಥೆಯನ್ನೇ ಬರೆಯಬಹುದು.

ಮುನ್ನೂರು ಪುಟಗಳ ಕನಸನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು, ಎಂಟು ಪುಟಗಳಲ್ಲಿ ಮುಗಿಯುವ ಕಥೆಯಿಂದ ಆರಂಭಿಸಿ. ಮುದ್ರಣದ ಫಾರಂ (ಒಂದೇ ದೊಡ್ಡ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ ಪುಟಗಳು) ಲೆಕ್ಕಕ್ಕೂ ಎಂಟು ಅನುಕೂಲ. ಪುಟಕ್ಕೆ ಐದಾರು ಚೌಕಗಳು ಸಾಕು, ಒಂದು ಚೌಕಕ್ಕೆ ಒಂದೇ ಕ್ರಿಯೆ ಇರಲಿ. ‘ಅಜ್ಜಿ ಎದ್ದು, ಬಾಗಿಲು ತೆರೆದು, ಬೆಚ್ಚಿಬಿದ್ದಳು’ ಎಂದು ಬರೆದರೆ ಕಲಾವಿದರು ಯಾವ ಗಳಿಗೆಯನ್ನು ಬಿಡಿಸಬೇಕು? ‘ಅಜ್ಜಿಯ ಕೈ ಚಿಲಕದ ಮೇಲಿದೆ, ಬಾಗಿಲ ಸಂದಿಯಿಂದ ಬಂದ ಬೆಳಕಿನ ಗೆರೆಯೊಂದು ಬೆರಳುಗಳ ಮೇಲೆ ಬಿದ್ದಿದೆ’ ಎಂದರೆ ಬಿಡಿಸಬಹುದು. ಈ ಚೌಕವನ್ನು ಬಲಪುಟದ ಕೊನೆಗೆ ತಂದರೆ, ಬಾಗಿಲಾಚೆ ಏನಿದೆಯೆಂಬುದು ಓದುಗರು ಹಾಳೆ ತಿರುವಿದ ಮೇಲಷ್ಟೇ ಕಾಣುತ್ತದೆ.

ಚಿತ್ರಗಳು ಕೈಗೆ ಬಂದ ದಿನ ಸಂಪಾದಕರ ಕೆಲಸ ಶುರುವಾಗುತ್ತದೆ. ನನಗೆ ಇದು ಅತ್ಯಂತ ಕಷ್ಟದ, ಅಷ್ಟೇ ಪ್ರೀತಿಯ ಘಟ್ಟ. ಮುಖದಲ್ಲಿ ಭಯ ಮೂಡಿದ್ದರೆ ‘ನನಗೆ ಭಯವಾಗುತ್ತಿದೆ’ ಎಂಬ ಮಾತನ್ನು ಮರುಕವಿಲ್ಲದೆ ಹೊಡೆದುಹಾಕಬೇಕು. ಅದರಲ್ಲೂ ಕನ್ನಡದಲ್ಲಿ ‘ಹೋಗಬೇಕಾಗಿರಲಿಲ್ಲವೇನೋ’ ಎಂಬ ಒಂದೇ ಪದ ಮಾತಿನ ಗುಳ್ಳೆಯ ಅಗಲವನ್ನೆಲ್ಲ ನುಂಗಿಬಿಡುತ್ತದೆ, ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಿರಲು ಸಾಲುಗಳ ನಡುವೆ ಹೆಚ್ಚು ಜಾಗ ಬೇಕಾಗುತ್ತದೆ. ಆದ್ದರಿಂದ ಪೆನ್ಸಿಲ್ ಕರಡಿನಲ್ಲೇ ಗುಳ್ಳೆಗಳ ಜಾಗವನ್ನು ಗುರುತಿಸಿ. ನನ್ನ ಮೊದಲ ಪುಸ್ತಿಕೆಯಲ್ಲಿ ಹಾಗೆ ಮಾಡದೆ, ಕೊನೆಗೆ ಹುಡುಗಿಯೊಬ್ಬಳ ಕಣ್ಣುಗಳ ಮೇಲೆಯೇ ಗುಳ್ಳೆ ಕೂರಿಸಬೇಕಾಯಿತು. ಕಲಾವಿದೆ ಎರಡು ದಿನ ಕೂತು ತಿದ್ದಿದ ಕಣ್ಣುಗಳು ಅವು. ಕೆಲವು ತಂತ್ರಾಂಶಗಳಲ್ಲಿ ಯೂನಿಕೋಡ್ ಒತ್ತಕ್ಷರಗಳು ಒಡೆಯುವುದರಿಂದ, ಅಂತಿಮ ಕರಡನ್ನು ಮುದ್ರಣಾಲಯಕ್ಕೆ ಕಳಿಸುವ ಪಿಡಿಎಫ್‌ನಲ್ಲೇ ಓದಿ ತಿದ್ದಬೇಕು.

ಕಲಾವಿದರಿಗೆ ಪುಟಕ್ಕೆ ಎಷ್ಟು ಕೊಡುತ್ತೀರಿ, ಮೂಲಚಿತ್ರಗಳು ಯಾರ ಬಳಿ ಉಳಿಯುತ್ತವೆ, ಅನುವಾದವಾದರೆ ಅಥವಾ ಸಿನಿಮಾ ಆದರೆ ಯಾರ ಪಾಲೆಷ್ಟು ಎಂಬುದನ್ನು ಮೊದಲ ಗೆರೆ ಎಳೆಯುವ ಮುನ್ನವೇ ಬರೆದು ಇಬ್ಬರೂ ಸಹಿ ಹಾಕಿ. ಎಷ್ಟೇ ಗೆಳೆತನವಿದ್ದರೂ ಈ ಹಾಳೆ ಬೇಕು. ಪ್ರಕಾಶಕರೊಬ್ಬರು ಮುಂದೆ ಬಂದಾಗ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ನೆನಪಿರಲಿ: ಹಕ್ಕಿನ ವರ್ಗಾವಣೆ ಬರಹದಲ್ಲಿದ್ದು ಸಹಿಯಾಗಿರಬೇಕು, ಅವಧಿಯನ್ನು ನಮೂದಿಸದಿದ್ದರೆ ಅದು 5 ವರ್ಷಕ್ಕೆ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದು ಭಾವಿಸಲಾಗುತ್ತದೆ. ‘ಶಾಶ್ವತವಾಗಿ, ಜಗತ್ತಿನಾದ್ಯಂತ’ ಎಂಬ ಪದಗಳು ಕರಾರಿನಲ್ಲಿ ಕಂಡರೆ, ಅವನ್ನು ಹೊಡೆದು ಅವಧಿಯನ್ನು ಬರೆಸಿದ ನಂತರವೇ ಪೆನ್ನು ಎತ್ತಿ.